ಪಟ್ಟಕ, ಅಳತೆಟೇಪು, ಪಡಿಯಚ್ಚು: ಮಾಯಾ ಪಾಳುನಗರಗಳನ್ನು ದಾಖಲಿಸಿದವರ ಹಾದಿಯಲ್ಲಿ

ಮಧ್ಯ ಅಮೆರಿಕದ ಪುರಾತನ ಮಾಯಾ ಜನರ ಪಾಳುನಗರಗಳ ಈ ಹಾದಿ ಹಿಡಿಯುವವರು ಚೀಲಕ್ಕೆ ಮೊದಲು ಹಾಕಿಕೊಳ್ಳಬೇಕಾದದ್ದು ಫ್ರೆಡರಿಕ್ ಕ್ಯಾಥರ್‌ವುಡ್ ಬರೆದ ಚಿತ್ರಗಳ ಮುದ್ರಿತ ಪ್ರತಿಗಳನ್ನು. ಮೊಬೈಲಿನಲ್ಲಿದ್ದರೆ ಸಾಲದು, ಬಿಸಿಲಿಗೆ ಪರದೆ ಕಾಣುವುದಿಲ್ಲ. ಎ4 ಹಾಳೆಯಲ್ಲಿ ಅಚ್ಚು ಹಾಕಿಸಿ ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಪ್ರತಿ ಕಲ್ಲಿನ ಮುಂದೆ ಹಿಡಿದು ನೋಡಬೇಕು. 1839ರಿಂದ 1842ರವರೆಗೆ ಅಮೆರಿಕದ ವಕೀಲ ಜಾನ್ ಲಾಯ್ಡ್ ಸ್ಟೀಫನ್ಸ್ ಮತ್ತು ಇಂಗ್ಲೆಂಡಿನ ವಾಸ್ತುಶಿಲ್ಪಿ ಕ್ಯಾಥರ್‌ವುಡ್ ಎರಡು ಸಲ ಬಂದು ಕೆಲಸ ಮಾಡಿದ ಜಾಗಗಳಿವು. ನಲವತ್ತು ವರ್ಷದ ನಂತರ ಅದೇ ಕಲ್ಲುಗಳ ಮುಂದೆ ಕ್ಯಾಮೆರಾ ಮತ್ತು ಪ್ಲಾಸ್ಟರ್ ಚೀಲಗಳೊಂದಿಗೆ ಬಂದು ನಿಂತವನು ಇಂಗ್ಲೆಂಡಿನ ಪುರಾತತ್ತ್ವಜ್ಞ ಆಲ್ಫ್ರೆಡ್ ಮಾಡ್ಸ್ಲೆ. ಇವರಲ್ಲಿ ಯಾರಿಗೂ ಮಾಯಾ ಲಿಪಿ ಓದಲು ಬರುತ್ತಿರಲಿಲ್ಲ. ಆದರೂ ಕಂಡ ಗೆರೆಯನ್ನು ಕಂಡಷ್ಟೇ ಬರೆದರು. ಇಂದು ಆ ಲಿಪಿ ಓದಲು ಬರುತ್ತಿರುವುದರ ಹಿಂದೆ ಆ ಶಿಸ್ತು ಇದೆ.

ಹೊರಡಬೇಕಾದ ಕಾಲ ನವೆಂಬರ್ ಕೊನೆಯಿಂದ ಏಪ್ರಿಲ್‌ವರೆಗಿನ ಒಣ ಹವೆ. ಗ್ವಾಟೆಮಾಲಾದಿಂದ ಹೊಂಡುರಾಸ್‌ಗೆ ಹೋಗಿ, ಮತ್ತೆ ಗ್ವಾಟೆಮಾಲಾಕ್ಕೆ ಬಂದು, ಅಲ್ಲಿಂದ ಮೆಕ್ಸಿಕೊಗೆ ದಾಟುವ ದಾರಿಯಾದ್ದರಿಂದ ಒಂದೇ ಸಲ ಪ್ರವೇಶ ಕೊಡುವ ವೀಸಾ ಪ್ರಯೋಜನಕ್ಕೆ ಬಾರದು.

ಮೊದಲ ದಿನ: ಲಿವಿಂಗ್‌ಸ್ಟನ್‌ನಿಂದ ರಿಯೊ ದುಲ್ಸೆ

ಕೆರಿಬಿಯನ್ ದಂಡೆಯ ಲಿವಿಂಗ್‌ಸ್ಟನ್ ಊರಿನಿಂದ ಬೆಳಗಿನ ದೋಣಿ ಹಿಡಿದರೆ ಎರಡು ಗಂಟೆಯೊಳಗೆ ರಿಯೊ ದುಲ್ಸೆ ಪಟ್ಟಣ ಸಿಗುತ್ತದೆ. ಎರಡೂ ಬದಿ ನೀರಿನಿಂದಲೇ ಎದ್ದ ಗೋಡೆಗಳಂತೆ ಕಾಡು. ಸ್ಟೀಫನ್ಸ್ ತಂಡ ನ್ಯೂಯಾರ್ಕ್ ಬಿಟ್ಟದ್ದು 1839ರ ಅಕ್ಟೋಬರ್ 3ರಂದು, ಬೆಲೀಜ್ ಮುಟ್ಟಿದ್ದು 30ರಂದು. ಅಲ್ಲಿಂದ ಉಗಿಹಡಗಿನಲ್ಲಿ ಇದೇ ನದಿ ಏರಿ, ಇಸಬಾಲ್ ಸರೋವರದ ದಡದ ಊರಿಗೆ ಇಳಿದರು. ಸ್ಟೀಫನ್ಸ್‌ಗೆ ಅಮೆರಿಕದ ಅಧ್ಯಕ್ಷ ವ್ಯಾನ್ ಬ್ಯೂರೆನ್ ಕೊಟ್ಟ ರಾಜತಾಂತ್ರಿಕ ಹುದ್ದೆ ಇತ್ತು. ಮಧ್ಯ ಅಮೆರಿಕದಲ್ಲಿ ಆಗ ಅಂತರ್ಯುದ್ಧ ನಡೆಯುತ್ತಿದ್ದರಿಂದ ಯಾವ ಸರ್ಕಾರದ ಮುಂದೆ ಪತ್ರ ಇಡಬೇಕೆಂಬುದೇ ಗೊಂದಲವಾಗಿತ್ತು. ಆ ಹುದ್ದೆ ಪಾಳುನಗರಗಳ ಕೆಲಸಕ್ಕೆ ಉಪಯೋಗಕ್ಕೆ ಬಂದದ್ದೇ ಹೆಚ್ಚು.

ಸರೋವರದ ದಕ್ಷಿಣಕ್ಕೆ ಕಾಣುವ ಮೀಕೊ ಬೆಟ್ಟಸಾಲು ಅಂದಿನ ಪ್ರಯಾಣದ ಮೊದಲ ಪರೀಕ್ಷೆ. ಕರಾವಳಿಯಿಂದ ಒಳನಾಡಿಗೆ ಹೋಗುವ ಸರಕೆಲ್ಲ ಹೇಸರಗತ್ತೆಗಳ ಬೆನ್ನ ಮೇಲೆ ಇದನ್ನು ಹತ್ತಿ ಇಳಿಯಬೇಕಿತ್ತು. ಮಳೆ ಬಿದ್ದು ದಾರಿ ಕೊರಕಲಾಗಿ, ಪ್ರಾಣಿಯ ಕಾಲು ಬೇರುಗಳ ನಡುವಿನ ಕೆಸರಿನಲ್ಲಿ ಹೂತುಹೋಗುತ್ತಿತ್ತು. ಸವಾರರು ಬಿದ್ದರು, ಹೇಸರಗತ್ತೆಗಳೂ ಬಿದ್ದವು. ದಾಖಲೆಯ ಉಪಕರಣಗಳೆಲ್ಲ ಈ ದಾರಿಯಲ್ಲೇ ಬರಬೇಕಾದ್ದರಿಂದ, ಏನನ್ನು ತರಬಹುದು ಎಂಬುದನ್ನು ಬೆಟ್ಟವೇ ತೀರ್ಮಾನಿಸುತ್ತಿತ್ತು: ಸಣ್ಣದು, ಹಗುರವಾದದ್ದು, ಬಿದ್ದರೂ ಒಡೆಯದ್ದು. ಕ್ಯಾಥರ್‌ವುಡ್ ಪೆಟ್ಟಿಗೆಯಲ್ಲಿದ್ದ ಕ್ಯಾಮೆರಾ ಲೂಸಿಡಾ, ಅಂದರೆ ಎದುರಿನ ವಸ್ತುವಿನ ಬಿಂಬವನ್ನು ಕಾಗದದ ಮೇಲೆ ಕಾಣಿಸಿ ಗೆರೆ ತಿದ್ದಲು ನೆರವಾಗುವ ಉಪಕರಣ, ಅಂಥದ್ದು. ಅಂಗೈಯಲ್ಲಿ ಹಿಡಿಸುವ ಗಾಜಿನ ಪಟ್ಟಕ, ಒಂದು ಹಿತ್ತಾಳೆ ಕಡ್ಡಿ, ಹಲಗೆಗೆ ಬಿಗಿಯುವ ಹಿಡಿಕೆ, ಇಷ್ಟೇ.

ಎರಡನೆಯ ದಿನ: ಕಿರಿಗುವಾ

ರಿಯೊ ದುಲ್ಸೆಯಿಂದ ಹೆದ್ದಾರಿಗೆ ಬಂದು ಲೋಸ್ ಅಮಾತೆಸ್ ಕಡೆಗೆ ತಿರುಗಿದರೆ, ಬಾಳೆತೋಟಗಳ ನಡುವೆ ಕೆಲವೇ ಕಿಲೋಮೀಟರ್ ಒಳಗೆ ಕಿರಿಗುವಾ. ಮಧ್ಯಾಹ್ನದ ಸೆಕೆ ತಡೆಯಲಾಗದ್ದು, ಸೊಳ್ಳೆ ಧಾರಾಳ. ಉದ್ದ ತೋಳಿನ ಅಂಗಿ ಹಾಕಿಕೊಂಡು ಬೆಳಿಗ್ಗೆ ಗೇಟು ತೆರೆಯುವ ಹೊತ್ತಿಗೇ ಹೋಗಬೇಕು. ಬೆಳಕಿನ ದೃಷ್ಟಿಯಿಂದಲೂ ಅದೇ ಸರಿ. ಇಲ್ಲಿನ ಕಲ್ಲು ಗಟ್ಟಿ ಮರಳುಗಲ್ಲು, ಕೆತ್ತನೆಯ ಉಬ್ಬು ಕಡಿಮೆ. ಬಿಸಿಲು ನೆತ್ತಿಗೆ ಬಂದರೆ ಲಿಪಿಯ ಗೆರೆಗಳು ಕಣ್ಣಿಗೆ ಹತ್ತುವುದಿಲ್ಲ. ಓರೆಯಾಗಿ ಬೀಳುವ ಬೆಳಕು ಬೇಕು.

ಹೊಂಡುರಾಸ್‌ನ ಕೋಪಾನ್ ಪಾಳುನಗರ ನೋಡಿದ ಮೇಲೆ ಸ್ಟೀಫನ್ಸ್ ಬೇರೆಡೆ ಇದ್ದಾಗ ಕ್ಯಾಥರ್‌ವುಡ್ ಇಲ್ಲಿಗೆ ಬಂದ. ಸಮಯ ಕಡಿಮೆ ಇತ್ತು, ಎರಡು ಸ್ತಂಭಗಳನ್ನಷ್ಟೇ ಬರೆದುಕೊಂಡ. ಅಷ್ಟರಲ್ಲೂ ಅಳತೆ ಬಿಡಲಿಲ್ಲ. ಒಂದು ಸ್ತಂಭ ನೆಟ್ಟಗಿನ ಗೆರೆಯಿಂದ 12 ಅಡಿ 2 ಅಂಗುಲ ಹೊರಕ್ಕೆ ವಾಲಿದೆ ಎಂದು ಅವನ ಟಿಪ್ಪಣಿ ಹೇಳುತ್ತದೆ. "ಬಹಳ ವಾಲಿದೆ" ಎಂದು ಬರೆದು ಮುಂದೆ ಹೋಗಬಹುದಿತ್ತು. ಆ ಎರಡು ಅಂಗುಲವನ್ನೂ ಬಿಡದೆ ಬರೆದುಕೊಂಡದ್ದರಲ್ಲಿ ಇಡೀ ಮನುಷ್ಯನೇ ಕಾಣುತ್ತಾನೆ.

ಈಗ 'ಇ' ಎಂದು ಕರೆಯುವ ಸ್ತಂಭ ಮಾಯಾ ಜಗತ್ತಿನ ಅತಿ ದೊಡ್ಡದು. ನೆಲದೊಳಗಿನ ಭಾಗವೂ ಸೇರಿ ಉದ್ದ 10.6 ಮೀಟರ್, ತೂಕ ಸುಮಾರು 65 ಟನ್, ನಿಲ್ಲಿಸಿದ್ದು ಕ್ರಿ.ಶ. 771ರಲ್ಲಿ. ಅದು 1917ರಲ್ಲಿ ಉರುಳಿತು. 1934ರಲ್ಲಿ ಎತ್ತಿ ನಿಲ್ಲಿಸುವಾಗ ಉಕ್ಕಿನ ಹಗ್ಗ ಹರಿದು ಮತ್ತೆ ಬಿದ್ದು ಎರಡು ತುಂಡಾಯಿತು. ಈಗ ಕಾಣುವುದು ಕಾಂಕ್ರೀಟಿನಿಂದ ಕೂಡಿಸಿದ ರೂಪ. ಕಿಸೆಯಲ್ಲಿ ಗ್ವಾಟೆಮಾಲಾದ 10 ಸೆಂತಾವೊ ನಾಣ್ಯವಿದ್ದರೆ ತೆಗೆದು ನೋಡಿ, ಕಿರಿಗುವಾದ ಕಂಬ ಅದರಲ್ಲಿದೆ.

ಮಾಡ್ಸ್ಲೆ 1881ರಲ್ಲಿ ಇಲ್ಲಿಗೆ ಬಂದಾಗ ಕಲ್ಲುಗಳ ಮೇಲೆ ಪಾಚಿ ದಪ್ಪಗೆ ಬೆಳೆದಿತ್ತು. ಅದನ್ನು ಕೆರೆದಾಗ ಕಂಡ ಕೆತ್ತನೆ ಅವನ ಮುಂದಿನ ಹದಿಮೂರು ವರ್ಷಗಳ ದುಡಿಮೆಯನ್ನು ನಿರ್ಧರಿಸಿತು. 1883ರಲ್ಲಿ ಲೊರೆಂಜೊ ಜುಂತೀನಿ ಎಂಬ ಅಚ್ಚುಗಾರನನ್ನೂ ಇಂಗ್ಲೆಂಡಿನ ಪ್ಲಾಸ್ಟರನ್ನೂ ಕರೆತಂದ. ದೊಡ್ಡ ಆಮೆ ಎಂದು ಆಗ ಹೆಸರಾಗಿದ್ದ ಬಂಡೆ, ಅಂದರೆ ಪ್ರಾಣಿಯ ಆಕಾರಕ್ಕೆ ಕೆತ್ತಿದ, ಇಂದು ಪ್ರಾಣಿಶಿಲೆ 'ಪಿ' ಎನ್ನುವ ಕಲ್ಲು, ಸುತ್ತಲೂ ಮೇಲೂ ಒಂದು ಅಂಗೈ ಜಾಗ ಬಿಡದೆ ಕೆತ್ತಿದ್ದು. ಅದರ ಅಚ್ಚನ್ನು ನೂರಾರು ತುಂಡುಗಳಲ್ಲಿ ತೆಗೆಯಬೇಕಾಯಿತು. ಏಕೆ ಅಷ್ಟು ತುಂಡು ಎಂಬುದನ್ನು ಕೋಪಾನ್‌ನಲ್ಲಿ ನೋಡೋಣ.

ಮೂರನೆಯ ದಿನ: ಗಡಿ ದಾಟಿ ಕೋಪಾನ್‌ಗೆ

ರಿಯೊ ಹೊಂಡೊ, ಚಿಕಿಮೂಲಾ ಮೂಲಕ ಎಲ್ ಫ್ಲೊರಿದೊ ಗಡಿ. ಅಲ್ಲಿಂದ ಕೋಪಾನ್ ರುಯಿನಾಸ್ ಊರು ಹನ್ನೆರಡು ಕಿಲೋಮೀಟರ್. ಮಧ್ಯೆ ಸಿಗುವ ಕಮೊತಾನ್‌ನಲ್ಲಿ ಸ್ಟೀಫನ್ಸ್ ತಂಡವನ್ನು ಸ್ಥಳೀಯ ಅಧಿಕಾರಿ ರಾತ್ರಿ ಊರಿನ ಚಾವಡಿಯಲ್ಲಿ ಕೂಡಿಹಾಕಿದ್ದ. ಪಾಸ್‌ಪೋರ್ಟು ಸರಿಯಿಲ್ಲ ಎಂಬುದು ಆಕ್ಷೇಪ. ಮೇಲಧಿಕಾರಿಗೆ ದೂರಿನ ಪತ್ರ ಬರೆದು, ಅದಕ್ಕೆ ಗಂಭೀರವಾಗಿ ಕಾಣುವ ಮುದ್ರೆ ಬೇಕಾದಾಗ, ಅರಗಿನ ಮೇಲೆ ಹೊಸ ಅಮೆರಿಕನ್ ಅರ್ಧ ಡಾಲರ್ ನಾಣ್ಯದ ಹದ್ದನ್ನು ಒತ್ತಿದರು. ನಡುರಾತ್ರಿಯ ಹೊತ್ತಿಗೆ ಬಿಡುಗಡೆ ಆಯಿತು.

ಸಂಜೆಗೆ ಊರು ಮುಟ್ಟಿ ಮಲಗಿ. ಪಾಳುನಗರ ಅಲ್ಲಿಂದ ಒಂದೇ ಕಿಲೋಮೀಟರ್, ನಡೆದೇ ಹೋಗಬಹುದು.

ನಾಲ್ಕನೆಯ ದಿನ: ಕೋಪಾನಿನ ಸ್ತಂಭಗಳು

ದೊಡ್ಡ ಅಂಗಳದಲ್ಲಿ ನಿಂತಿರುವ ಸ್ತಂಭಗಳಿಗೇ ಇಡೀ ಬೆಳಗು ಕೊಡಬೇಕು. ಇವುಗಳಲ್ಲಿ ಹೆಚ್ಚಿನವು ಹದಿಮೂರನೆಯ ದೊರೆ ವಾಶಕ್ಲಾಹೂನ್ ಉಬಾಹ್ ಕವೀಲ್ ನಿಲ್ಲಿಸಿದವು. ಅವನನ್ನು 738ರಲ್ಲಿ ಸೆರೆಹಿಡಿದು ಕೊಂದವನು ನಿನ್ನೆ ಮೊನ್ನೆ ನೋಡಿದ ಕಿರಿಗುವಾದ ದೊರೆ. 1839ರಲ್ಲಿ ಇದು ಯಾರಿಗೂ ತಿಳಿದಿರಲಿಲ್ಲ. ಕಲ್ಲಿನಲ್ಲಿ ಈ ನಗರದ ಇತಿಹಾಸವೇ ಕೊರೆದಿದೆ ಎಂದು ಸ್ಟೀಫನ್ಸ್ ನಂಬಿದ್ದ. ಮಾಯಾ ಬರಹದಲ್ಲಿ ಬರೀ ಕಾಲಗಣನೆ, ದೇವರು, ಗ್ರಹಗತಿ ಮಾತ್ರ ಇದೆ ಎಂದು ಇಪ್ಪತ್ತನೆಯ ಶತಮಾನದ ದೊಡ್ಡ ವಿದ್ವಾಂಸರೇ ಬಹುಕಾಲ ವಾದಿಸಿದರು. ಕೊನೆಗೆ ಗೆದ್ದದ್ದು ಸ್ಟೀಫನ್ಸ್ ಊಹೆ.

ಇಲ್ಲಿಯ ಕಲ್ಲು ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದದ್ದು, ತುಸು ಹಸಿರು ಛಾಯೆ. ಉಳಿಗೆ ಸುಲಭವಾಗಿ ಬಗ್ಗುತ್ತದೆ. ಹಾಗಾಗಿ ಕೆತ್ತನೆ ಬಹುಪಾಲು ದುಂಡು ಶಿಲ್ಪದಷ್ಟು ಆಳ. ಮುಖ, ಅದರ ಮೇಲಿನ ಕಿರೀಟ, ಅದರೊಳಗಿನ ಇನ್ನೊಂದು ಮುಖ, ಅದರ ಬಾಯಿಂದ ಹೊರಟ ಬಳ್ಳಿ, ಅದರ ತುದಿಗೆ ಮತ್ತೊಂದು ತಲೆ. ಕಣ್ಣಿಗೆ ಎಲ್ಲಿ ಒಂದು ಮುಗಿದು ಇನ್ನೊಂದು ಶುರುವಾಯಿತೆಂದು ತಿಳಿಯುವುದಿಲ್ಲ.

ಕ್ಯಾಥರ್‌ವುಡ್ ಸೋತದ್ದು ಇಲ್ಲೇ. ಈಜಿಪ್ಟಿನಲ್ಲಿ ವರ್ಷಗಟ್ಟಲೆ ಬರೆದಿದ್ದವನು, 1833ರಲ್ಲಿ ಜೆರುಸಲೇಮಿನ ಬಂಡೆಗುಮ್ಮಟವನ್ನು (ಡೋಮ್ ಆಫ್ ದ ರಾಕ್) ಅಳೆದು ಬರೆದಿದ್ದವನು ಮೊದಲ ದಿನ ಒಂದೂ ಸರಿಯಾದ ಚಿತ್ರ ತೆಗೆಯಲಾರದೆ ಹಾಳೆಗಳನ್ನು ಬಿಸಾಡಿದ. ಕಾಲು ಕೆಸರಿನಲ್ಲಿ, ಸೊಳ್ಳೆ ಕಾಟಕ್ಕೆ ಕೈಗೆ ಗವಸು. ಗವಸು ತೊಟ್ಟೇ ಪೆನ್ಸಿಲು ಹಿಡಿದಿದ್ದ. ತೊಂದರೆ ಕೈಯದ್ದಲ್ಲ. ಗ್ರೀಕ್ ಕಂಬವಾಗಲಿ ಈಜಿಪ್ಟಿನ ದೇವರಾಗಲಿ ಎದುರಿಗಿದ್ದರೆ, ಅದು ಏನೆಂದು ಗೊತ್ತಿರುವುದರಿಂದ ಕಲಾವಿದನ ಕೈ ಮುಂದಿನ ಗೆರೆಯನ್ನು ತಾನೇ ಊಹಿಸುತ್ತದೆ. ಇಲ್ಲಿ ಊಹೆಗೆ ಆಧಾರವೇ ಇರಲಿಲ್ಲ.

ಕ್ಯಾಮೆರಾ ಲೂಸಿಡಾ ಇದ್ದೂ ಏಕೆ ಹೀಗಾಯಿತು ಎಂಬುದಕ್ಕೆ ಅದರ ರಚನೆ ತಿಳಿಯಬೇಕು. ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಹೈಡ್ ವೊಲಾಸ್ಟನ್ 1806ರಲ್ಲಿ ಹಕ್ಕುಪತ್ರ ಪಡೆದ ಉಪಕರಣವಿದು. ನಾಲ್ಕು ಮುಖದ ಪಟ್ಟಕದ ಒಂದು ಕೋನ 90 ಡಿಗ್ರಿ, ಅದರೆದುರಿನದು 135, ಉಳಿದೆರಡು ತಲಾ 67.5. ಎದುರಿನ ವಸ್ತುವಿನ ಬೆಳಕು ಒಳಗೆ ಎರಡು ಸಲ ಪ್ರತಿಫಲಿಸಿ ಮೇಲಕ್ಕೆ ಬರುವುದರಿಂದ ಬಿಂಬ ತಲೆಕೆಳಗಾಗುವುದಿಲ್ಲ, ಎಡಬಲವೂ ಅದಲುಬದಲಾಗುವುದಿಲ್ಲ. ಕಣ್ಣನ್ನು ಪಟ್ಟಕದ ಅಂಚಿಗೆ ತಂದು, ಪಾಪೆಯ ಅರ್ಧದಿಂದ ಬಿಂಬವನ್ನೂ ಉಳಿದರ್ಧದಿಂದ ಕೆಳಗಿನ ಕಾಗದವನ್ನೂ ನೋಡಬೇಕು. ಎರಡೂ ಒಂದರ ಮೇಲೊಂದು ಕೂತಂತೆ ಕಾಣುತ್ತವೆ, ಗೆರೆ ತಿದ್ದಿದರಾಯಿತು.

ಹೇಳುವಷ್ಟು ಸುಲಭವಲ್ಲ. ಕಣ್ಣು ಕೂದಲೆಳೆಯಷ್ಟು ಸರಿದರೂ ಬಿಂಬ ಕಾಗದದ ಮೇಲೆ ಜಾರುತ್ತದೆ. ಕಾಗದ ಬೆಳ್ಳಗೆ ಹೊಳೆಯುತ್ತಿದ್ದು ವಸ್ತು ಮಂಕಾಗಿದ್ದರೆ ಬಿಂಬ ಕಾಣುವುದೇ ಇಲ್ಲ. ಕೋಪಾನಿನ ಕಾಡಿನೊಳಗೆ ಆದದ್ದು ಇದೇ: ಸ್ತಂಭಗಳು ಮರಗಳ ಕಪ್ಪು ನೆರಳಿನಲ್ಲಿದ್ದವು. ಹಾಗಾಗಿ ಚಿತ್ರದ ಕೆಲಸಕ್ಕೂ ಮೊದಲು ಮರ ಕಡಿಯುವ ಕೆಲಸ. ಸ್ಥಳೀಯ ಆಳುಗಳು ಮಚ್ಚಿನಿಂದ ದೊಡ್ಡ ಮರಗಳನ್ನು ಕಡಿದು, ಒಂದೊಂದು ಸ್ತಂಭದ ಮುಂದೆ ಬೆಳಕಿನ ಬಯಲು ಮಾಡಿಕೊಟ್ಟರು. ದೂರವೂ ಬೇಕು. ಪಟ್ಟಕ ಕಾಗದದಿಂದ 30 ಸೆಂಟಿಮೀಟರ್ ಮೇಲಿದ್ದು ಕಲ್ಲು 6 ಮೀಟರ್ ಆಚೆ ಇದ್ದರೆ ಬಿಂಬ ಇಪ್ಪತ್ತನೇ ಒಂದು ಪಾಲು. 4 ಮೀಟರ್ ಸ್ತಂಭ 20 ಸೆಂಟಿಮೀಟರ್ ಎತ್ತರಕ್ಕೆ ಬರುತ್ತದೆ. ಇನ್ನೂ ಹತ್ತಿರ ನಿಂತರೆ ಪಟ್ಟಕವನ್ನು ಮೇಲಕ್ಕೆ ಓರೆ ಮಾಡಬೇಕಾಗಿ, ಸ್ತಂಭದ ತುದಿ ಕಿರಿದಾದಂತೆ ಬರುತ್ತದೆ. ಮೊಬೈಲಿನಲ್ಲಿ ಗೋಪುರದ ಚಿತ್ರ ತೆಗೆದವರಿಗೆಲ್ಲ ಈ ದೋಷ ಗೊತ್ತು. ಕ್ಯಾಥರ್‌ವುಡ್ ಹೊರಗೆರೆಯನ್ನು ಪಟ್ಟಕದಿಂದ ತೆಗೆದು, ಪ್ರಮಾಣ ತಪ್ಪದಿರಲೆಂದು ಕಾಗದವನ್ನು ಚೌಕ ಭಾಗಗಳಾಗಿ ಹಂಚಿಕೊಂಡು, ಒಳಗಿನ ವಿವರಗಳನ್ನು ಭಾಗ ಭಾಗವಾಗಿ ತುಂಬಿದ.

ಹಾಳೆಯನ್ನು ಸ್ತಂಭದ ಪಕ್ಕಕ್ಕೆ ಹಿಡಿದು ನೋಡಿ. ಪಕ್ಕದ ಮುಖಗಳಲ್ಲಿರುವ ಲಿಪಿಚೌಕಗಳನ್ನು ಮೇಲಿನಿಂದ ಎಣಿಸುತ್ತ ಬಂದರೆ ಚಿತ್ರದಲ್ಲೂ ಅಷ್ಟೇ ಸಿಗುತ್ತವೆ, ಅದೇ ಕ್ರಮದಲ್ಲಿ. ಅವನಿಗಿಂತ ಮೊದಲು ಬಂದ ಕೆಲವರ ಚಿತ್ರಗಳಲ್ಲಿ ಇದು ಸಾಧ್ಯವಿಲ್ಲ. ಚಿತ್ರಕಾರ ವಾಲ್ಡೆಕ್ 1832ರಲ್ಲಿ ಮೆಕ್ಸಿಕೊದ ಪಲೆಂಕೆ ಪಾಳುನಗರಕ್ಕೆ ಹೋಗಿದ್ದ, ಒಳ್ಳೆಯ ಕೈ. ಆದರೆ ಮಾಯಾ ಲಿಪಿಯಲ್ಲಿ ಆನೆಯ ತಲೆಗಳನ್ನು ಕಂಡು ಹಾಗೆಯೇ ಬರೆದ. ಹಳೆಯ ಜಗತ್ತಿನಿಂದ ಬಂದವರು ಇದನ್ನು ಕಟ್ಟಿದರು ಎಂಬ ನಂಬಿಕೆ ಪೆನ್ಸಿಲಿಗೆ ಇಳಿದಿತ್ತು.

ಜಾಗದ ಒಡೆತನದ ಕಥೆಯನ್ನೂ ಇಲ್ಲೇ ಹೇಳಬೇಕು. ಕೆಲಸಕ್ಕೆ ಅಡ್ಡಿ ಬರತೊಡಗಿದಾಗ ಸ್ಟೀಫನ್ಸ್, ಜಮೀನಿನ ಗುತ್ತಿಗೆದಾರ ದೊನ್ ಹೊಸೆ ಮರಿಯಾನಿಂದ ಇಡೀ ಪಾಳುನಗರವನ್ನು 50 ಡಾಲರಿಗೆ ಪಡೆದ. ನಂಬಿಕೆ ಬರಲೆಂದು ಹದ್ದಿನ ಗುಂಡಿಗಳಿದ್ದ ರಾಜತಾಂತ್ರಿಕ ಕೋಟನ್ನು ಪೆಟ್ಟಿಗೆಯಿಂದ ತೆಗೆದು ಹಾಕಿಕೊಂಡ. ಕೆಳಗೆ ಮೊಣಕಾಲವರೆಗೆ ಕೆಸರು ಮೆತ್ತಿದ ಪ್ಯಾಂಟು. ಸ್ತಂಭವೊಂದನ್ನು ತುಂಡು ಮಾಡಿ ನದಿಯಲ್ಲಿ ತೇಲಿಸಿ ನ್ಯೂಯಾರ್ಕಿಗೆ ಸಾಗಿಸುವ ಆಲೋಚನೆಯೂ ಅವನಿಗಿತ್ತು. ನದಿಯ ಇಳುಕಲುಗಳಿಂದಾಗಿ ಅದು ಆಗಲಿಲ್ಲ, ಒಳ್ಳೆಯದೇ ಆಯಿತು.

ಐದನೆಯ ದಿನ: ಕೋಪಾನ್, ನಕ್ಷೆ ಮತ್ತು ಅಚ್ಚು

ಇಂದು ಮೊದಲು ನದಿಯ ಬದಿಗೆ. ನದಿಗೆ ಮುಖ ಮಾಡಿದ ಗೋಡೆಯ ಉದ್ದ 624 ಅಡಿ, ಎತ್ತರ 60ರಿಂದ 90 ಅಡಿ ಎಂದು ಸ್ಟೀಫನ್ಸ್ ಕೊಟ್ಟ ಅಳತೆ. ಸಮೀಕ್ಷೆಯ ವಿಧಾನ ಸರಳ: ಕಾಡಿನೊಳಗೆ ನೇರ ಸೀಳುದಾರಿ ಕಡಿಸುವುದು, ಕೊನೆಯಲ್ಲಿ ಗಳುವಿಗೆ ಟೋಪಿ ಸಿಕ್ಕಿಸಿ ಆಳನ್ನು ನಿಲ್ಲಿಸುವುದು, ಆ ಟೋಪಿಗೆ ದಿಕ್ಸೂಚಿಯಿಂದ ಕೋನ ನೋಡುವುದು, ಟೇಪು ಎಳೆದು ದೂರ ಬರೆಯುವುದು, ಅಲ್ಲಿಂದ ಮುಂದಿನ ಸೀಳುದಾರಿ. ಮೂರು ದಿನದಲ್ಲಿ ಮುಗಿಸಿದರು. ಇಂಥ ನಕ್ಷೆಯಲ್ಲಿ ಪ್ರತಿ ನಿಲ್ದಾಣದ ಸಣ್ಣ ತಪ್ಪು ಮುಂದಿನದಕ್ಕೆ ಸೇರಿಕೊಳ್ಳುತ್ತ ಹೋಗುತ್ತದೆ. ಆದ್ದರಿಂದ ಹೊರಟ ಬಿಂದುವಿಗೇ ಮರಳಿ ಬಂದು, ಗೆರೆ ಕೂಡುತ್ತದೋ ಇಲ್ಲವೋ ನೋಡುವುದು ಸಮೀಕ್ಷೆಯ ಮೊದಲ ಪಾಠ.

ನದಿ ಕಾಯಲಿಲ್ಲ. ಶತಮಾನಗಳಿಂದ ಕೋಪಾನ್ ನದಿ ಎತ್ತರದ ದಿಬ್ಬವನ್ನು ಪೂರ್ವದಿಂದ ಕೊರೆಯುತ್ತಲೇ ಇತ್ತು. ಮಾಡ್ಸ್ಲೆ ನಕ್ಷೆಯಲ್ಲಿ 20 ಎಂಬ ಸಂಖ್ಯೆಯ ಕಟ್ಟಡ ಆಮೇಲೆ ನೀರಿಗೆ ಜಾರಿ ಹೋಯಿತು. 1930ರ ದಶಕದಲ್ಲಿ ಅಮೆರಿಕದ ಕಾರ್ನೆಗಿ ಸಂಶೋಧನಾ ಸಂಸ್ಥೆಯವರು ನದಿಯ ಪಾತ್ರವನ್ನೇ ತಿರುಗಿಸಿದ ಮೇಲೆ ಕೊರೆತ ನಿಂತಿತು. ಕಟ್ಟಡ 20 ಇಂದು ಇರುವುದು ಅವನ ನಕ್ಷೆಯಲ್ಲಿ ಮತ್ತು ಹಳೆಯ ವರ್ಣನೆಗಳಲ್ಲಿ.

ಮಾಡ್ಸ್ಲೆ ಕೋಪಾನಿನಲ್ಲಿ ದೊಡ್ಡ ಪ್ರಮಾಣದ ಕೆಲಸ ಮಾಡಿದ್ದು 1885ರಲ್ಲಿ. ಸ್ತಂಭಗಳಿಗೆ ಎ, ಬಿ, ಸಿ ಎಂದು ಅಕ್ಷರ ಕೊಟ್ಟವನು ಅವನೇ, ಅವೇ ಇಂದಿಗೂ ಚಾಲ್ತಿಯಲ್ಲಿವೆ. ಅವನ ಕ್ರಮ ಹೀಗೆ: ಕಾಡು ಸವರು, ಕಲ್ಲು ತೊಳೆ, ನಕ್ಷೆ ತೆಗೆ, ದೊಡ್ಡ ಗಾಜುಫಲಕದಲ್ಲಿ ಛಾಯಾಚಿತ್ರ ತೆಗೆ, ಅಚ್ಚು ತೆಗೆ. ಉಬ್ಬು ಕಡಿಮೆ ಇರುವ ಕಡೆ ಕಾಗದದ ಅಚ್ಚು. ನಮ್ಮ ಶಾಸನತಜ್ಞರು ಪಡಿಯಚ್ಚು ತೆಗೆಯುವುದನ್ನು ಕಂಡವರಿಗೆ ಇದರ ಅರ್ಧ ಗೊತ್ತು: ಕಲ್ಲು ತೊಳೆದು, ಅಂಟಿಲ್ಲದ ಕಾಗದವನ್ನು ನೆನೆಸಿ ಹೊದಿಸಿ, ಗಡುಸು ಬ್ರಷ್ಷಿನಿಂದ ಬಡಿದು ಗೆರೆಗಳೊಳಗೆ ಇಳಿಸುವುದು. ಅಲ್ಲಿಂದ ಮುಂದೆ ಬೇರೆ. ನಮ್ಮಲ್ಲಿ ಮಸಿ ಹಚ್ಚಿ ಒಂದೇ ಹಾಳೆಯಲ್ಲಿ ಅಕ್ಷರ ಎತ್ತಿಕೊಳ್ಳುತ್ತಾರೆ. ಇಲ್ಲಿ ಒಂದರ ಮೇಲೊಂದು ಪದರ ಹೊದಿಸಿ, ಬಡಿದು, ಗಟ್ಟಿ ಮುಖವಾಡದಂತೆ ಒಣಗಿಸಿ ಬಿಡಿಸುತ್ತಾರೆ. ಹಗುರ, ಸುತ್ತಿ ಹೇಸರಗತ್ತೆಯ ಮೇಲೆ ಹೇರಬಹುದು. ಶತ್ರು ಮಳೆ. ಒಣಗುವ ಮೊದಲೇ ನಾಲ್ಕು ಹನಿ ಬಿದ್ದರೂ ಇಡೀ ದಿನದ ದುಡಿಮೆ ಮುದ್ದೆಯಾಗುತ್ತದೆ. ಬೇಗ ಒಣಗಲೆಂದು ಬೆಂಕಿಯ ಹತ್ತಿರ ಇಟ್ಟರೆ ಹೊತ್ತಿಕೊಳ್ಳುವ ಭಯ.

ಆದರೆ ಕೋಪಾನಿನ ಆಳದ ಕೆತ್ತನೆಗೆ ಕಾಗದ ಆಗದು. ಮೂಗಿನ ಕೆಳಗೆ, ಕಿವಿಯ ಹಿಂದೆ, ಬಳ್ಳಿಯ ಸಂದಿಗೆ ಹೊಕ್ಕ ಅಚ್ಚು ಹೊರಗೆ ಬರುವಾಗ ಹರಿಯುತ್ತದೆ. ಪ್ಲಾಸ್ಟರ್ ಆದರೆ ಕಲ್ಲನ್ನೇ ಕಚ್ಚಿ ಕೂತುಬಿಡುತ್ತದೆ. ಅದಕ್ಕೇ ತುಂಡು ಅಚ್ಚು. ಕಲ್ಲಿಗೆ ಅಂಟದಂತೆ ತೆಳುವಾಗಿ ಜಿಡ್ಡು ಸವರಿ, ನೇರವಾಗಿ ಹೊರಗೆಳೆಯಲು ಬರುವಷ್ಟೇ ಜಾಗಕ್ಕೆ ಪ್ಲಾಸ್ಟರ್ ಹಾಕಬೇಕು. ಅರ್ಧ ಗಂಟೆಯೊಳಗೆ ಗಟ್ಟಿಯಾಗುತ್ತದೆ. ತೆಗೆದು, ಅಂಚು ಕೆತ್ತಿ ನುಣುಪು ಮಾಡಿ, ಪಕ್ಕದ ತುಂಡು ಕೂರಲು ಗುಳಿ ಕೊರೆದು, ಸ್ವಸ್ಥಾನದಲ್ಲಿ ಮರಳಿ ಇಟ್ಟು, ಅದರ ಅಂಚಿಗೆ ಒತ್ತಿ ಮುಂದಿನದು. ಎಲ್ಲಕ್ಕೂ ಸಂಖ್ಯೆ. ಒಂದು ಸಂಖ್ಯೆ ತಪ್ಪಿದರೆ ಲಂಡನ್ನಿನಲ್ಲಿ ಜೋಡಿಸುವವನು ದಿನಗಟ್ಟಲೆ ಹುಡುಕಬೇಕು. ಪ್ಲಾಸ್ಟರ್ ಪುಡಿ ಇಲ್ಲಿಯ ತೇವಕ್ಕೆ ಚೀಲದಲ್ಲೇ ಗಂಟು ಕಟ್ಟುತ್ತದೆ. ಗಂಟು ಕಟ್ಟಿದ್ದು ಮತ್ತೆ ಬಲ ಹಿಡಿಯುವುದಿಲ್ಲ. ಗೊರ್ಗೋನಿಯೊ ಲೋಪೆಸ್ ಮತ್ತು ಅವನ ಸೋದರರು ಈ ಕೆಲಸ ಕಲಿತು ವರ್ಷಾನುಗಟ್ಟಲೆ ಮಾಡ್ಸ್ಲೆಯ ಜೊತೆ ದುಡಿದರು. ಮಾಡ್ಸ್ಲೆ ಹೊರತಂದ ಗ್ರಂಥದ ಮುಖಪುಟದಲ್ಲಿ ಅವರ ಹೆಸರಿಲ್ಲ, ಆದರೆ ಆ ಅಚ್ಚುಗಳ ನಿಖರತೆ ಬಹುಪಾಲು ಅವರ ಕೈಯದು.

ಮಧ್ಯಾಹ್ನ ಶಿಲ್ಪ ಸಂಗ್ರಹಾಲಯ. 'ಕ್ಯೂ' ಬಲಿಪೀಠದ ಮೂಲ ಇಲ್ಲಿದೆ, ಹೊರಗಿರುವುದು ಪ್ರತಿಕೃತಿ. ನಾಲ್ಕು ಬದಿಗೆ ನಾಲ್ಕು ನಾಲ್ಕು, ಒಟ್ಟು 16 ಮಂದಿ ಕುಳಿತಿದ್ದಾರೆ. ಮೇಲ್ಮುಖದಲ್ಲಿ 36 ಲಿಪಿಚೌಕ. ಕೋಪಾನಿನ 16 ದೊರೆಗಳ ಸಾಲು ಇದು, 776ರದ್ದು. ಮೊದಲ ದೊರೆ ಹದಿನಾರನೆಯವನಿಗೆ ಅಧಿಕಾರದ ಕೋಲು ಕೊಡುತ್ತಿದ್ದಾನೆ. ಕ್ಯಾಥರ್‌ವುಡ್ ನಾಲ್ಕೂ ಬದಿ ಬರೆದಿದ್ದಾನೆ.

ಆರು ಮತ್ತು ಏಳನೆಯ ದಿನ: ಪೆತೆನ್ ದಾಟಿ ಉಸುಮಸಿಂಟಾ

ಎರಡು ದಿನವೂ ಬಸ್ಸೇ. ಕೋಪಾನಿನಿಂದ ಗ್ವಾಟೆಮಾಲಾಕ್ಕೆ ಮರಳಿ ಉತ್ತರದ ಫ್ಲೋರೆಸ್, ಅಲ್ಲಿಂದ ಉಸುಮಸಿಂಟಾ ನದಿ ದಾಟಿದರೆ ಮೆಕ್ಸಿಕೊದ ಫ್ರೊಂತೆರಾ ಕೊರೊಸಾಲ್. ಪೆತೆನ್ ಕಾಡಿನ ಈ ದಾರಿಯಲ್ಲಿ ಸ್ಟೀಫನ್ಸ್ ಬರಲಿಲ್ಲ, ಅವನು ಪಶ್ಚಿಮದ ಬೆಟ್ಟಗಳ ಮೂಲಕ ಸುತ್ತಿ ಬಂದ. ಪೆತೆನ್ ದಾಟಿದವರು ಅವನ ಪ್ರತಿಸ್ಪರ್ಧಿಗಳಾದ ಪ್ಯಾಟ್ರಿಕ್ ವಾಕರ್ ಮತ್ತು ಜಾನ್ ಕ್ಯಾಡಿ. ಅಮೆರಿಕನ್ನರಿಗಿಂತ ಮೊದಲೇ ಪಲೆಂಕೆ ಮುಟ್ಟಬೇಕೆಂದು 1839ರ ನವೆಂಬರ್ 13ರಂದು ಬೆಲೀಜ್ ಬಿಟ್ಟರು. ಮೊದಲು ಮುಟ್ಟಿದರು ನಿಜ. ಕ್ಯಾಡಿ ಚಿತ್ರಗಳೂ ಕಳಪೆಯಲ್ಲ. ಆದರೆ ಅವು ಪುಸ್ತಕವಾಗಿ ಅಚ್ಚಾದದ್ದು 1967ರಲ್ಲಿ. ಸ್ಟೀಫನ್ಸ್ ಊರಿಗೆ ಮರಳಿದ ಮರುವರ್ಷವೇ, 1841ರಲ್ಲಿ, ಎರಡು ಸಂಪುಟ ಹೊರತಂದಿದ್ದ. ದಾಖಲೆ ಎಂದರೆ ಬರೆದಿಡುವುದಷ್ಟೇ ಅಲ್ಲ, ಹತ್ತು ಜನರ ಕೈಗೆ ಮುಟ್ಟಿಸುವುದು ಎಂಬುದು ಅವನಿಗೆ ಗೊತ್ತಿತ್ತು.

ಸಮಯವಿದ್ದರೆ ಕೊರೊಸಾಲ್‌ನಿಂದ ದೋಣಿಯಲ್ಲಿ ಹೋಗಿ ಯಾಶ್ಚಿಲಾನ್ ಪಾಳುನಗರ ನೋಡಬಹುದು. 1882ರ ಮಾರ್ಚ್‌ನಲ್ಲಿ ಮಾಡ್ಸ್ಲೆ ಇಲ್ಲಿದ್ದಾಗಲೇ ಫ್ರಾನ್ಸಿನ ಅನ್ವೇಷಕ ದೆಸಿರೆ ಶಾರ್ನೆ ಬಂದಿಳಿದ. ಮಾಡ್ಸ್ಲೆ ಜಗಳವಾಡದೆ ಜಾಗ ಹಂಚಿಕೊಂಡ. ಆದರೆ ಬಾಗಿಲಿನ ಮೇಲಿದ್ದ ಕೆತ್ತನೆಯ ತೊಲೆಗಲ್ಲುಗಳನ್ನು, ಭಾರ ಇಳಿಸಲು ಹಿಂಬದಿ ಕತ್ತರಿಸಿ ಬ್ರಿಟಿಷ್ ಮ್ಯೂಸಿಯಂಗೆ ಸಾಗಿಸಿದ. ಅವು ಅಲ್ಲಿ ಸುರಕ್ಷಿತವಾಗಿವೆ, ಇಲ್ಲಿ ಬಾಗಿಲು ಬೋಳಾಗಿದೆ. ಅಚ್ಚು ತೆಗೆಯುವ ಕಲೆಯಲ್ಲಿ ಅಷ್ಟು ನುರಿತವನು ಇಲ್ಲೂ ಅಚ್ಚಿಗೇ ತೃಪ್ತಿಪಡಬಹುದಿತ್ತು.

ಎಂಟನೆಯ ದಿನ: ಪಲೆಂಕೆ

ಊರಿನಿಂದ ಎಂಟು ಕಿಲೋಮೀಟರ್, ಹಂಚಿಕೊಂಡು ಹೋಗುವ ವ್ಯಾನುಗಳಿವೆ. ಅರಮನೆಗೆ ಮೊದಲು ಹೋಗಿ. ಸ್ಟೀಫನ್ಸ್ ಅಳತೆಯಂತೆ ಅಡಿಯ ಜಗತಿ 40 ಅಡಿ ಎತ್ತರ, ಮುಂದಕ್ಕೆ 310 ಅಡಿ, ಬದಿಗೆ 260. ಮೇಲಿನ ಕಟ್ಟಡ 228 ಅಡಿ ಅಗಲ, 180 ಅಡಿ ಆಳ. 1840ರ ಮೇ ತಿಂಗಳಲ್ಲಿ ಅವರು ಈ ಮೊಗಸಾಲೆಯಲ್ಲೇ ಬಿಡಾರ ಹೂಡಿದರು. ಮಳೆ ಶುರುವಾಗಿತ್ತು, ರಾತ್ರಿ ಸೊಳ್ಳೆ ನಿದ್ದೆಗೆ ಬಿಡಲಿಲ್ಲ, ಸ್ಟೀಫನ್ಸ್ ಕಾಲಿಗೆ ಚರ್ಮದೊಳಗೆ ಹೊಕ್ಕು ಮೊಟ್ಟೆಯಿಡುವ ಚಿಗಟ ಸೇರಿ ಬಾವು ಬಂತು. ಇಲ್ಲಿಯ ದೊಡ್ಡ ಮಿಂಚುಹುಳುಗಳ ಬೆಳಕಿನಲ್ಲಿ ಪತ್ರಿಕೆ ಓದಬಹುದಿತ್ತೆಂದು ಅವನು ಬರೆದಿದ್ದಾನೆ.

ಶಾಸನಗಳ ದೇಗುಲದ ಫಲಕಗಳ ಕೆಲಸ ಅವರ ಪದ್ಧತಿಗೆ ಒಳ್ಳೆಯ ಮಾದರಿ. ಕಲ್ಲಿನ ಮೇಲೆ ಹಸಿರು ಪಾಚಿ. ಮೊದಲು ನೀರು ಹಾಕಿ ಕೆರೆದರು, ಆಮೇಲೆ ಪ್ರತಿ ಗೆರೆಯನ್ನೂ ಕಡ್ಡಿಯಿಂದ ಬಿಡಿಸಿದರು, ಕೊನೆಗೆ ಉಜ್ಜಿದರು. ಉಜ್ಜಲು ಒದಗಿದ್ದು ಆಳು ದಾರಿಯಲ್ಲಿ ಎತ್ತಿಟ್ಟುಕೊಂಡಿದ್ದ ಬೂಟು ಪಾಲಿಷಿನ ಒಂದು ಜೊತೆ ಬ್ರಷ್ಷು. ಲೋಹದ ಉಳಿಯಾಗಿದ್ದರೆ ಸುಣ್ಣಗಲ್ಲಿನ ಗೆರೆ ಗೀಚಿಹೋಗುತ್ತಿತ್ತು. ಈ ಬ್ರಷ್ಷಿನ ಕೂದಲು ಪಾಚಿಗೆ ಸಾಕಷ್ಟು ಗಡುಸು, ಕಲ್ಲಿಗೆ ಸಾಕಷ್ಟು ಮೃದು. ಮರಗಳ ನೆರಳಿಗೆ ಒಳಗೆ ಹಗಲಲ್ಲೂ ಕತ್ತಲೆ. ಮೇಣದ ಬತ್ತಿ, ಪಂಜು ಹಿಡಿದು ಬೆಳಕು ಬೀಳಿಸಿದರು, ಕ್ಯಾಥರ್‌ವುಡ್ ಬರೆದ. ಜ್ವರ ಅವನನ್ನು ಇಲ್ಲಿಯೇ ಹಿಡಿದಿತ್ತು. ಈಗ ಆ ಮೆಟ್ಟಿಲು ಹತ್ತಲು ಬಿಡುವುದಿಲ್ಲ, ಕೆಳಗಿನಿಂದಲೇ ನೋಡಬೇಕು.

ಇವರಿಗೂ ಅರ್ಧ ಶತಮಾನ ಮೊದಲು, 1787ರಲ್ಲಿ, ಕ್ಯಾಪ್ಟನ್ ಅಂತೋನಿಯೊ ದೆಲ್ ರಿಯೊ ಸ್ಪೇನ್ ದೊರೆಯ ಆಜ್ಞೆಯಂತೆ ಇಲ್ಲಿಗೆ ಬಂದಿದ್ದ. 79 ಮಂದಿ ಸ್ಥಳೀಯ ಆಳುಗಳಿಂದ ಕಾಡು ಕಡಿಸಿ, ಸುಟ್ಟು, ಮುಚ್ಚಿದ ಬಾಗಿಲು ಕಿಟಕಿಗಳನ್ನೆಲ್ಲ ಒಡೆಸಿದೆನೆಂದು ವರದಿ ಮಾಡಿದ. ದಾಖಲಿಸುವ ಕೆಲಸ ಕೆಡಿಸುವ ಕೆಲಸವೂ ಆಗಬಲ್ಲದು ಎಂಬುದಕ್ಕೆ ಅವನ ವರದಿಯೇ ಸಾಕ್ಷಿ.

ಶಿಲುಬೆ ದೇಗುಲದ ಫಲಕ ಮೂರು ಕಲ್ಲುಗಳದ್ದು. ಸ್ಟೀಫನ್ಸ್ ಬಂದಾಗ ಎಡಗಲ್ಲು ಮಾತ್ರ ಸ್ವಸ್ಥಾನದಲ್ಲಿತ್ತು. ನಡುಗಲ್ಲನ್ನು ಯಾರೋ ಹೊಳೆಯ ದಂಡೆಯವರೆಗೆ ಎಳೆದು ಬಿಟ್ಟುಹೋಗಿದ್ದರು. ಬಲಗಲ್ಲು ಚೂರಾಗಿತ್ತು, ಆ ಚೂರುಗಳು 1842ರಲ್ಲಿ ವಾಷಿಂಗ್ಟನ್ ಸೇರಿದವು. ಹಾಗಾಗಿ ಕ್ಯಾಥರ್‌ವುಡ್ ಚಿತ್ರದಲ್ಲಿ ಎಡ ಮತ್ತು ನಡುಗಲ್ಲು ಮಾತ್ರ ಇವೆ. ಕಾಣದ ಭಾಗವನ್ನು ಕಲ್ಪಿಸಿ ತುಂಬುವ ಚಪಲಕ್ಕೆ ಅವನು ಬೀಳಲಿಲ್ಲ. ವಾಷಿಂಗ್ಟನ್ನಿನ ಕಲ್ಲು 1908ರಲ್ಲಿ ಮೆಕ್ಸಿಕೊಗೆ ಮರಳಿತು.

ಕೋಪಾನಿನಲ್ಲಿ ಬರೆದ ಹಾಳೆಗಳನ್ನು ಪಲೆಂಕೆಯ ಫಲಕದ ಪಕ್ಕದಲ್ಲಿಟ್ಟು ನೋಡಿದಾಗ ಲಿಪಿ ಒಂದೇ ಎಂದು ಸ್ಟೀಫನ್ಸ್‌ಗೆ ಹೊಳೆಯಿತು. ಎರಡೂ ಕಡೆ ಬೇರೆ ಭಾಷೆ ಆಡುವ ಜನ, ನಡುವೆ ನೂರಾರು ಮೈಲಿ ಬೆಟ್ಟ. ಒಂದು ಚಿತ್ರದಲ್ಲಿ ಕೈ ಸ್ವಲ್ಪ ಸಡಿಲವಾಗಿದ್ದರೂ ಈ ಹೋಲಿಕೆ ಕಾಣುತ್ತಿರಲಿಲ್ಲ.

ಒಂಬತ್ತನೆಯ ದಿನ

ಪಲೆಂಕೆಯಿಂದ ಮೆರಿದಾಕ್ಕೆ ಬಸ್ಸು. ಇಡೀ ಹಗಲು ಹಿಡಿಯುತ್ತದೆ.

ಹತ್ತನೆಯ ದಿನ: ಉಶ್ಮಲ್

ಮೆರಿದಾದಿಂದ ದಕ್ಷಿಣಕ್ಕೆ ಸುಮಾರು 80 ಕಿಲೋಮೀಟರ್. 1840ರ ಜೂನ್‌ನಲ್ಲಿ ಇಲ್ಲಿ ಕ್ಯಾಥರ್‌ವುಡ್ ಜ್ವರದಿಂದ ಕುಸಿದುಬಿದ್ದುದರಿಂದ ಮೊದಲ ಯಾತ್ರೆ ಅಲ್ಲಿಗೇ ಮುಗಿಯಿತು. 1841ರ ಕೊನೆಯಲ್ಲಿ ಡಾಕ್ಟರ್ ಸ್ಯಾಮ್ಯುಯೆಲ್ ಕ್ಯಾಬಟ್‌ನನ್ನೂ ಸೇರಿಸಿಕೊಂಡು ಮತ್ತೆ ಬಂದು, ರಾಜ್ಯಪಾಲರ ಮನೆ ಎಂದು ಕರೆಯುವ ಕಟ್ಟಡದಲ್ಲೇ ಉಳಿದರು. ಇದರ ಮುಂಭಾಗ 322 ಅಡಿ, ಮೂರು ಜಗತಿಗಳ ಮೇಲೆ ನಿಂತಿದೆ. ಎರಡನೆಯ ಜಗತಿಯೊಂದೇ 545 ಅಡಿ ಉದ್ದ, 20 ಅಡಿ ಎತ್ತರ. ಇದೇ ತರಹದ ಇನ್ನೊಂದು ಕಟ್ಟಡ ಕಟ್ಟಲು ಸಾಕಾಗುವಷ್ಟು ಅಳತೆ, ವಿವರ ಕ್ಯಾಥರ್‌ವುಡ್ ಬಳಿ ಇದ್ದವೆಂದು ಸ್ಟೀಫನ್ಸ್ ಹೇಳುತ್ತಾನೆ.

ಈ ಸಲ ಡಾಗೆರೋಟೈಪ್ ಉಪಕರಣ ಜೊತೆಗಿತ್ತು. ಛಾಯಾಗ್ರಹಣ ಹುಟ್ಟಿ ಎರಡೇ ವರ್ಷ. ಬೆಳ್ಳಿ ಲೇಪಿಸಿದ ತಾಮ್ರದ ಫಲಕವನ್ನು ಕನ್ನಡಿಯಾಗುವಂತೆ ಉಜ್ಜಿ, ಅಯೋಡಿನ್ ಆವಿಗೆ ಹಿಡಿದು ಹಳದಿ ಬಣ್ಣ ಬರಿಸಿ, ಕ್ಯಾಮೆರಾದಲ್ಲಿ ಬೆಳಕಿಗೊಡ್ಡಿ, ಕಾಯಿಸಿದ ಪಾದರಸದ ಆವಿಯಲ್ಲಿ ಬಿಂಬ ಮೂಡಿಸಿ, ರಾಸಾಯನಿಕದಲ್ಲಿ ತೊಳೆದು ನಿಲ್ಲಿಸಬೇಕು. ಒಂದು ಫಲಕಕ್ಕೆ ಒಂದೇ ಚಿತ್ರ, ಅದೂ ಎಡಬಲ ತಿರುಗಿದ್ದು. ಉಶ್ಮಲ್‌ನಲ್ಲಿ ಅದು ಕೈಕೊಟ್ಟದ್ದು ಕಟ್ಟಡದ ರಚನೆಯಿಂದಾಗಿ. ಮಧ್ಯಾಹ್ನದ ಹೊತ್ತಿಗೆ ಗೋಡೆಯ ಮೇಲ್ಭಾಗವನ್ನೇ ನೋಡಿ: ಮುಂದಕ್ಕೆ ಚಾಚಿದ ಪಟ್ಟಿಕೆ, ಸೊಂಡಿಲಿನಂಥ ಮೂಗಿನ ಮುಖಗಳು. ಬಿಸಿಲು ಬಿದ್ದ ಭಾಗ ಕುಕ್ಕುವ ಬಿಳಿ, ಅದರ ಅಡಿ ಕಡುಕಪ್ಪು. ಎರಡನ್ನೂ ಒಟ್ಟಿಗೆ ಹಿಡಿಯುವ ಶಕ್ತಿ ಆ ಫಲಕಕ್ಕಿರಲಿಲ್ಲ. ಕಾಣೆಯಾದ ಭಾಗಗಳನ್ನು ಕಾಗದಕ್ಕಿಳಿಸಿ ತುಂಬುವುದಕ್ಕಿಂತ ಹೊಸದಾಗಿ ಬರೆಯುವುದೇ ಸಲೀಸು ಎಂದು ಕ್ಯಾಥರ್‌ವುಡ್ ಪೆನ್ಸಿಲಿಗೂ ಪಟ್ಟಕಕ್ಕೂ ಮರಳಿದ. ಉಪಕರಣ ಸ್ಟೀಫನ್ಸ್, ಕ್ಯಾಬಟ್ ಪಾಲಾಯಿತು. ಫಲಕಗಳನ್ನು ಮಾತ್ರ ಬಿಸಾಡಲಿಲ್ಲ, ಪುಸ್ತಕಕ್ಕೆ ಚಿತ್ರದ ಅಚ್ಚು ಕೆತ್ತುವವರಿಗೆ ತಾಳೆ ನೋಡಲೆಂದು ಚಿತ್ರಗಳ ಜೊತೆಗೇ ಕೊಟ್ಟರು. ಹೊಸ ಯಂತ್ರದ ಮೋಡಿಗೆ ಸಿಕ್ಕದೆ, ಅದು ಎಲ್ಲಿಗೆ ಒದಗುತ್ತದೋ ಅಲ್ಲಿಗಷ್ಟೇ ಬಳಸಿದ ಈ ತೀರ್ಮಾನ ಅವರ ಇಡೀ ಕೆಲಸದಲ್ಲಿ ಅತ್ಯುತ್ತಮ.

ಇದೇ ಕಟ್ಟಡದೊಳಗೆ ಲಿಪಿ ಕೆತ್ತಿದ ಸಪೋಟ ಮರದ ತೊಲೆಯೊಂದಿತ್ತು. ಹತ್ತು ಅಡಿ ಉದ್ದ, 21 ಅಂಗುಲ ಅಗಲ, 10 ಅಂಗುಲ ದಪ್ಪ. ಸಪೋಟ ಮರ ಕಬ್ಬಿಣದಂತೆ ಗಟ್ಟಿ, ಸಾವಿರ ವರ್ಷ ಬಾಳಿತ್ತು. ಸ್ಟೀಫನ್ಸ್ ಅದನ್ನು ನ್ಯೂಯಾರ್ಕಿಗೆ ಸಾಗಿಸಿ ಕ್ಯಾಥರ್‌ವುಡ್‌ನ ಪ್ರದರ್ಶನ ಮಂದಿರದಲ್ಲಿಟ್ಟ. 1842ರ ಜುಲೈ 31ರ ರಾತ್ರಿ ಆ ಮಂದಿರಕ್ಕೆ ಬೆಂಕಿ ಬಿದ್ದು ತೊಲೆ ಸುಟ್ಟುಹೋಯಿತು, ಅದರೊಡನೆ ಇತರ ಸಂಗ್ರಹ ಮತ್ತು ಎಷ್ಟೋ ಮೂಲ ಚಿತ್ರಗಳೂ. ತೊಲೆ ಇದ್ದಲ್ಲೇ ಇದ್ದಿದ್ದರೆ ಇಂದು ಓದಬಹುದಿತ್ತು. ಈ ನಷ್ಟ ನೆನೆದಾಗೆಲ್ಲ ಹೊಟ್ಟೆ ಉರಿಯುತ್ತದೆ.

ಹನ್ನೊಂದನೆಯ ದಿನ: ಕಬಾ, ಲಬ್ನಾ

ಉಶ್ಮಲ್‌ನಿಂದ ಬಾಡಿಗೆ ಕಾರು ಮಾಡಿಕೊಳ್ಳುವುದೇ ಒಳ್ಳೆಯದು, ಈ ಕಡೆ ಬಸ್ಸು ಅಪರೂಪ. ನೀರು ಕೈಯಲ್ಲಿರಲಿ. ಇಡೀ ಪ್ರದೇಶ ಸುಣ್ಣಗಲ್ಲು, ಹೊಳೆ ಹಳ್ಳಗಳಿಲ್ಲ, ಮಳೆನೀರು ನೆಲದೊಳಗೆ ಇಳಿದುಹೋಗುತ್ತದೆ. ಹಳೆಯ ನಗರಗಳು ನೆಲದಡಿಯ ತೊಟ್ಟಿಗಳಲ್ಲಿ ನೀರು ಹಿಡಿದೇ ಬದುಕಿದ್ದವು, ಸ್ಟೀಫನ್ಸ್ ಅವುಗಳೊಳಕ್ಕೂ ಇಳಿದು ಅಳತೆ ತೆಗೆದ. ಎರಡನೆಯ ಯಾತ್ರೆಯಲ್ಲಿ ಅವರು ನೋಡಿದ ಪಾಳುನಗರಗಳು 44.

ಕಬಾದಲ್ಲಿ ಮುಖವಾಡಗಳ ಗೋಡೆಯ ಮುಂದೆ ಹೆಚ್ಚು ಹೊತ್ತು ಬೇಕು. ಇಲ್ಲಿಂದ ಸಾಗಿಸಿದ ಕೆತ್ತನೆಯ ಬಾಗಿಲುಗಲ್ಲುಗಳು ಬೆಂಕಿ ಬಿದ್ದ ಮೇಲೆ ನ್ಯೂಯಾರ್ಕ್ ಮುಟ್ಟಿದ್ದರಿಂದ ಉಳಿದವು, ಈಗ ಅಲ್ಲಿನ ನೈಸರ್ಗಿಕ ಇತಿಹಾಸದ ವಸ್ತುಸಂಗ್ರಹಾಲಯದಲ್ಲಿವೆ.

ಲಬ್ನಾದ ಕಮಾನಿಗೆ ಎಲ್ಲರೂ ಹೋಗುತ್ತಾರೆ. ಅದರ ಹತ್ತಿರದ ಎತ್ತರದ ದಿಬ್ಬದ ಮೇಲಿನ 'ಮಿರಾದೋರ್' ಕಟ್ಟಡದ ಕಡೆ ನೋಡಿ. ಛಾವಣಿಯಿಂದ ಮೇಲಕ್ಕೆ ಸುಮಾರು 30 ಅಡಿ ಎದ್ದ ಗೋಡೆಯೊಂದಿದೆ. ಸ್ಟೀಫನ್ಸ್ ಇಲ್ಲಿ ಕಂಡದ್ದು: ತುದಿಯಲ್ಲಿ ತಲೆಬುರುಡೆಗಳ ಸಾಲು, ಅದರ ಕೆಳಗೆ ಎರಡು ಸಾಲು ಮನುಷ್ಯಾಕೃತಿಗಳು, ನಡುಬಾಗಿಲಿನ ಮೇಲೆ ಕುಳಿತ ದೈತ್ಯ ಮೂರ್ತಿ, ಎಲ್ಲವೂ ಬಣ್ಣ ಹಚ್ಚಿದ ಗಾರೆಯಲ್ಲಿ. ಆಗಲೇ ಗೋಡೆ ಬಿರುಕುಬಿಟ್ಟಿತ್ತು, ಯಾವಾಗ ಬೀಳುತ್ತದೋ ಎಂಬಂತಿತ್ತು. ಗೋಡೆ ನಿಂತಿದೆ, ಗಾರೆಯ ಮೂರ್ತಿಗಳು ಬಹುಪಾಲು ಹೋಗಿವೆ. ಅವುಗಳನ್ನು ಹಿಡಿದಿಟ್ಟಿದ್ದ ಚಾಚುಗಲ್ಲುಗಳು ಮಾತ್ರ ಸಾಲಾಗಿ ಉಳಿದಿವೆ. ಕ್ಯಾಥರ್‌ವುಡ್‌ನ ಹಾಳೆ ತೆಗೆದು ಯಾವ ಚಾಚುಗಲ್ಲಿನ ಮೇಲೆ ಯಾವ ಆಕೃತಿ ಇತ್ತೆಂದು ಕೆಳಗಿನ ಸಾಲಿನಿಂದ ಹೊಂದಿಸುತ್ತ ಹೋಗಬಹುದು. ಅದಕ್ಕೆ ಒಂದು ಗಂಟೆಯಾದರೂ ಬೇಕು, ದುರ್ಬೀನು ಇದ್ದರೆ ಅನುಕೂಲ, ಮತ್ತು ಗೇಟು ಸಂಜೆ ಐದಕ್ಕೆ ಮುಚ್ಚುವುದರಿಂದ ಮೂರೂವರೆಯೊಳಗೆ ಅಲ್ಲಿರಬೇಕು.